ಸುಣ್ಣದ ಒಳಗಿದ್ದ ಪಾಠ

ಆ ಗೋಡೆ ಉತ್ತರದ್ದೋ ದಕ್ಷಿಣದ್ದೋ ಎಂಬುದು ಬಹಳ ಕಾಲ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ. ಈ ಕಥೆಯನ್ನು ಮಂಡ್ಯದಲ್ಲಿ ಹೇಳುವಾಗ ಗೋಡೆ ದಕ್ಷಿಣಕ್ಕಿತ್ತು. ಮೈಸೂರಿನಲ್ಲಿ ಬೀಗರ ಮುಂದೆ ಹೇಳುವಾಗ ಉತ್ತರಕ್ಕೆ ಬಂತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಭಾಷಣ ಮಾಡಿದಾಗ ಗೋಡೆಯೇ ಮಾಯವಾಗಿ ಕರಿಹಲಗೆಯಾಗಿತ್ತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು ನಾನು. ಬೇರೆ ಯಾರಾದರೂ ಇಂಥ ಸಾಕ್ಷಿ ಹೇಳಿದ್ದರೆ ನೀರು ಕುಡಿಸಿ ಮನೆಗೆ ಕಳಿಸುತ್ತಿದ್ದೆ. ಸಾಕ್ಷಿ ನಾನೇ ಆದ್ದರಿಂದ ಸ್ವಲ್ಪ ದಾಕ್ಷಿಣ್ಯ ತೋರಿಸಿದ್ದೇನೆ.

ಈಗ ಹೊಸದಾಗಿ ಪ್ರಾಥಮಿಕ ಶಾಲೆಗೆ ಪಾಠ ಹೇಳಲು ಬರುವ ಹುಡುಗರು, ಹುಡುಗಿಯರು ನನ್ನ ಹತ್ತಿರ ಬಂದು ಕೇಳುತ್ತಾರೆ: "ಸಾರ್, ಒಂದೊಂದು ವಿಷಯವನ್ನೂ ಒಂದೊಂದು ಹಾಳೆಯಲ್ಲಿ ಅಡಕವಾಗಿ ಬರೆದು ಗೋಡೆಗೆ ಹಾಕೋದನ್ನ ನೀವೇ ಶುರು ಮಾಡಿದ್ದಂತೆ, ಹೌದಾ?" ಇಲ್ಲ. ನಾನು ಶುರು ಮಾಡಲಿಲ್ಲ. ನನಗಿಂತ ಮುಂಚೆಯೂ ಮೇಷ್ಟರುಗಳು ಮಗ್ಗಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ನಾನು ಮಾಡಿದ್ದೆಂದರೆ ಆ ಹಾಳೆಗಳಿಂದ ಎಷ್ಟು ಬಗೆಯಲ್ಲಿ ಕೆಡಬಹುದೋ ಅಷ್ಟೂ ಬಗೆಯಲ್ಲಿ ಕೆಟ್ಟು ನೋಡಿದ್ದು. ಬಡ್ತಿ, ವೇತನ, ಸನ್ಮಾನದ ವಿಚಾರ ಬರೆಯುವುದಿಲ್ಲ. ಅವು ಎಲ್ಲರಿಗೂ ಒಂದೇ ಥರ ಬರುತ್ತವೆ, ಬರದೇ ಇದ್ದರೂ ಒಂದೇ ಥರ ಬರುವುದಿಲ್ಲ. ಕೆಟ್ಟದ್ದನ್ನು ಬರೆಯುತ್ತೇನೆ.

ಮೊದಲು ಮದ್ದೂರು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಅಲ್ಲಿಗೆ ಸಹಾಯಕ ಉಪಾಧ್ಯಾಯನಾಗಿ ಹೋದೆ. ನನಗೆ ಒಪ್ಪಿಸಿದ್ದು ಮೂರನೆಯ ತರಗತಿ, ಎಲ್ಲಾ ವಿಷಯಗಳೂ. ಲೆಕ್ಕ, ಚರಿತ್ರೆ ಹೇಗೋ ನಡೆಯಿತು. ಪ್ರಕೃತಿ ಪಾಠದಲ್ಲಿ ಸಿಕ್ಕಿಬಿದ್ದೆ. ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ನಾಟಿ ಮಾಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ನಾನು ಅನ್ನ ನೋಡಿದ್ದೆ, ಅಷ್ಟೆ. ಒಂದು ಭಾನುವಾರ ಪುಸ್ತಕ ಮುಂದಿಟ್ಟುಕೊಂಡು ಬಿತ್ತನೆಯಿಂದ ಕಣದವರೆಗೆ ಎಲ್ಲವನ್ನೂ ದೊಡ್ಡ ಹಾಳೆಯೊಂದರಲ್ಲಿ ಚೌಕ ಚೌಕವಾಗಿ ಬರೆದು ತರಗತಿಯ ಗೋಡೆಗೆ ಹಾಕಿದೆ. ಹೆಸರಿಗೆ ಮಕ್ಕಳಿಗಾಗಿ. ನಿಜಕ್ಕೂ ನನಗಾಗಿ.

ಮಕ್ಕಳು ಬಂದು ಓದಿದರು. ಹಿಂದಿನ ಬೆಂಚಿನ ಒಬ್ಬ ಎದ್ದುನಿಂತ.

"ಸಾ, ಕಳೆ ಕೀಳಾದು ಕುಯ್ಲಾದ್ ಮ್ಯಾಕಾ?"

"ಹೌದು. ಹಾಳೆಯಲ್ಲಿ ಹಾಗಿದೆಯಲ್ಲ."

"ಕುಯ್ಲಾದ್ ಮ್ಯಾಕೆ ಗದ್ದೇಲಿ ಏನ್ ಮಿಕ್ಕಿರ್ತದೆ ಸಾ ಕೀಳಕ್ಕೆ?"

ಎರಡು ಚೌಕಗಳನ್ನು ನಾನು ಅದಲುಬದಲು ಮಾಡಿದ್ದೆ. ತಿದ್ದಿದೆ. ಆದರೆ ಆ ದಿನ ಒಂದು ವಿಷಯ ತಿಳಿಯಿತು. ಮೇಷ್ಟರ ಬಾಯಲ್ಲಿ ಬಂದ ತಪ್ಪನ್ನು ಮಕ್ಕಳು ಗೌರವಕ್ಕಾಗಿ ನುಂಗಿಕೊಳ್ಳುತ್ತಾರೆ, ಗೋಡೆಯ ಮೇಲಿನ ತಪ್ಪಿಗೆ ಆ ಗೌರವ ಇಲ್ಲ. ಅದರ ಜತೆ ಅವರು ಜಗಳ ಆಡುತ್ತಾರೆ. ಹಾಳೆಯ ಮೊದಲ ಉಪಯೋಗ ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎರಡನೆಯ ಹಾಳೆ ಅಳತೆಯ ಕೋಷ್ಟಕ. ಪಾವು, ಸೇರು, ಕೊಳಗ, ಖಂಡುಗ. ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮುರಿದು ಧ್ವಜ ಹಾರಿಸಿದ ಗಲಾಟೆ ಆಗಿ ಹೆಚ್ಚು ಕಾಲವಾಗಿರಲಿಲ್ಲ. ಗೋಡೆಯ ಮೇಲೆ ಯಾವ ಕಾಗದ ಕಂಡರೂ ಅದರ ಮುಂದೆ ಒಬ್ಬ ಪೊಲೀಸಿನವನು ನಿಲ್ಲುತ್ತಿದ್ದ ಕಾಲ ಅದು. ನಮ್ಮ ಶಾಲೆಗೂ ಒಬ್ಬ ಕಾನ್‌ಸ್ಟೇಬಲ್ ಬಂದ. ದಪ್ಪ ಮೀಸೆ, ಒಳ್ಳೆಯ ಮನುಷ್ಯ. ಕೋಷ್ಟಕವನ್ನು ಮೇಲಿಂದ ಕೆಳಕ್ಕೆ ಓದಿದ.

"ಏನ್ ಸ್ವಾಮಿ ಇದು?"

"ಅಳತೆ ಕೋಷ್ಟಕ."

"ಯಾರ್ ಸಹಿ ಹಾಕವ್ರೆ?"

"ಕೋಷ್ಟಕಕ್ಕೆ ಸಹಿ ಇರೋದಿಲ್ಲಪ್ಪ."

"ಸಹಿ ಇಲ್ದಿರೋ ಕಾಗ್ದ ಈಗ ಗೋಡೆ ಮೇಲೆ ಇರಂಗಿಲ್ಲ ಸ್ವಾಮಿ. ನಂಗೂ ಮೇಲ್ನವ್ರು ಅವ್ರೆ."

ವಾದ ಮಾಡಬಹುದಿತ್ತು. ಅವನು ಕಾದುಕೊಂಡು ನಿಂತ ರೀತಿ ನೋಡಿ ಕೆಳಗಡೆ ಸಹಿ ಹಾಕಿ, "ಸಹಾಯಕ ಉಪಾಧ್ಯಾಯರು" ಎಂದು ಬರೆದೆ. ಅವನು ಸಲಾಮು ಹೊಡೆದು ಹೋದ. ಒಂದು ವಾರದ ಮೇಲೆ ಹೆಡ್ ಮೇಷ್ಟರು ತರಗತಿಗೆ ಬಂದು ಕೋಷ್ಟಕ ಒಪ್ಪಿಸಿ ಎಂದರು. ಇಡೀ ತರಗತಿ ಒಂದೇ ರಾಗದಲ್ಲಿ ಹಾಡಿತು: "...ಇಪ್ಪತ್ತು ಕೊಳಗ ಒಂದು ಖಂಡುಗಾ, ಸಹೀ, ಸಹಾಯಕ ಉಪಾಧ್ಯಾಯರೂ."

ಹೆಡ್ ಮೇಷ್ಟರು ನನ್ನನ್ನು ನೋಡಿದರು. ನಾನು ಕಿಟಕಿಯನ್ನು ನೋಡಿದೆ. ಗೋಡೆಯ ಮೇಲೆ ಏನಿದೆಯೋ ಅದೆಲ್ಲವೂ ಪಾಠವೇ. ಕೆಳಗಿನ ಸಹಿ, ಮೂಲೆಯ ಮಸಿ, ಅಂಟಿನ ಕಲೆ, ಎಲ್ಲವೂ. ನೀವು ಯಾವುದನ್ನು ಕಲಿಸುತ್ತಿದ್ದೀರೆಂದು ನಿಮಗೆ ಗೊತ್ತಿರುತ್ತದೆ, ಮಕ್ಕಳಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

ಇದಾದ ಮೇಲೆ ನನ್ನನ್ನು ಮಳವಳ್ಳಿ ತಾಲ್ಲೂಕಿನ ಒಂದು ಕೊಪ್ಪಲಿಗೆ ವರ್ಗ ಮಾಡಿದರು. ಇದಕ್ಕೋಸ್ಕರವೇ ಮಾಡಿದರೆಂದು ಹೇಳಲಾರೆ. ಆದಮೇಲೆ ಮಾಡಿದರು, ಅಷ್ಟು ಮಾತ್ರ ನಿಜ. ಬೆಳಕವಾಡಿಯಿಂದ ಶಿವನಸಮುದ್ರದ ರಸ್ತೆ ಬಿಟ್ಟು ಹೊಳೆಯ ಕಡೆಗೆ ಇಳಿದರೆ ಸಿಗುವ ಸಣ್ಣ ಊರು. ಹೆಸರು ಬೇಡ. ಅಲ್ಲಿಯವರ ಮೊಮ್ಮಕ್ಕಳು ಈಗ ಓದುಬರಹ ಬಲ್ಲವರು, ಇದನ್ನು ಓದಿ ಜಗಳಕ್ಕೆ ಬಂದಾರು.

ಶಾಲೆ ನಡೆಯುತ್ತಿದ್ದುದು ಪಟೇಲರ ಹಳೆಯ ಭತ್ತದ ಮನೆಯಲ್ಲಿ. ಒಂದೇ ಉದ್ದ ಕೋಣೆ. ಒಂದು ತುದಿಗೆ ಬಾಗಿಲು, ಇನ್ನೊಂದು ತುದಿಗೆ ಸಣ್ಣ ಕಿಟಕಿ, ನಡುವೆ ಉದ್ದಕ್ಕೂ ಗೋಡೆ. ಮಕ್ಕಳು ಆ ಉದ್ದ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಹಾಗೆ ಕೂತರೆ ಬಾಗಿಲು ಎಡಗೈಗೆ, ಕಿಟಕಿ ಬಲಗೈಗೆ. ಇಷ್ಟನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ, ಯಾಕೆಂದರೆ ನಾನೂ ಗೋಡೆಗೆ ಮುಖ ಮಾಡಿ ನಿಂತಾಗ ಬಾಗಿಲಿಂದ ಬಿಸಿಲು ಬಂದು ನನ್ನ ಎಡಗೆನ್ನೆ ಸುಡುತ್ತಿತ್ತು. ಬೆಳಗಿನ ಬಿಸಿಲೋ ಸಂಜೆಯದೋ ಅಂತ ಕೇಳಬೇಡಿ. ಅಲ್ಲಿಗೆ ಬರುತ್ತೇನೆ.

ನನಗಿಂತ ಮುಂಚಿನಿಂದ ಅಲ್ಲಿದ್ದವರು ಚಿಕ್ಕಣ್ಣಯ್ಯ ಮೇಷ್ಟರು. ಬಾಯಿಪಾಠ ಮತ್ತು ಹುಣಿಸೆ ಬರಲಿನ ಏಟು, ಎರಡೇ ಅವರ ಪದ್ಧತಿ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬಿ.ಎ.ಯವ್ರೇ" ಎನ್ನುತ್ತಿದ್ದರು, ಅದೊಂದು ಕಾಯಿಲೆಯ ಹೆಸರೇನೋ ಎಂಬಂತೆ.

ಯುದ್ಧ ಶುರುವಾಗಿ ಕಾಗದ ಸಿಗುವುದು ಕಷ್ಟವಾಗಿತ್ತು. ಇದ್ದ ಒಂದು ದೊಡ್ಡ ಹಾಳೆಯಲ್ಲಿ ಮೈಸೂರು ಸಂಸ್ಥಾನದ ನಕ್ಷೆ ಬರೆದು, ಹೊಳೆ, ಊರು, ಬೆಳೆ ಎಲ್ಲವನ್ನೂ ತುಂಬಿ ರಾಗಿ ಗಂಜಿ ಹಚ್ಚಿ ಅಂಟಿಸಿದೆ. ಮಾರನೆಯ ದಿನ ಬಂದು ನೋಡಿದರೆ ಒಂದು ಆಡು ಹಿಂಗಾಲಲ್ಲಿ ನಿಂತು ತುಮಕೂರನ್ನು ಮುಗಿಸಿ ಹಾಸನಕ್ಕೆ ಬಾಯಿ ಹಾಕಿತ್ತು. ರಾಗಿ ಗಂಜಿಯ ರುಚಿ ಅದಕ್ಕೆ ಹತ್ತಿತ್ತು.

ಚಿಕ್ಕಣ್ಣಯ್ಯನವರು ಅದನ್ನು ಓಡಿಸಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಯಾಕ್ ಬಿ.ಎ.ಯವ್ರೇ, ನಿಮ್ ಪಾಠ ಇಷ್ಟ್ ಬೇಗ ಯಾರ್ಗೂ ಒಳಿಕ್ ಓಗಿರ್ನಿಲ್ಲ ಬುಡಿ."

ಅವತ್ತೇ ಕಾಗದದ ಸಹವಾಸ ಬಿಟ್ಟೆ. ಗೋಡೆಯ ಮೇಲೆಯೇ ಬರೆದೆ. ಕೆಮ್ಮಣ್ಣು ಕಲಸಿ, ಇದ್ದಿಲು ಅರೆದು, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು. ಮಧ್ಯದಲ್ಲಿ ದೊಡ್ಡದಾಗಿ ಸಂಸ್ಥಾನದ ನಕ್ಷೆ. ನಕ್ಷೆಯ ಎಡಕ್ಕೆ, ಬಾಗಿಲ ಕಡೆ, ಚರಿತ್ರೆ ಮತ್ತು ಆರೋಗ್ಯದ ಸೂತ್ರಗಳು. ಬಲಕ್ಕೆ, ಕಿಟಕಿಯ ಕಡೆ, ಮಗ್ಗಿ. ಕೆಳಗೆ ಬೆಳೆಗಳು, ಈ ಸಲ ಕಳೆಯನ್ನು ಕುಯ್ಲಿಗಿಂತ ಮುಂಚೆಯೇ ಕಿತ್ತು. ಕಾವೇರಿಯನ್ನು ಇದ್ದಿಲಿನಲ್ಲಿ ದಪ್ಪಗೆ ಎಳೆದೆ. ಅದು ಎಡದಿಂದ ಬಲಕ್ಕೆ, ಎಂದರೆ ಬಾಗಿಲ ಕಡೆಯಿಂದ ಕಿಟಕಿಯ ಕಡೆಗೆ ಹರಿಯಿತು. ಆಡು ಬಂದು ಮೂಸಿ ನೋಡಿ ಹೋಯಿತು.

ನಿಜವಾಗಿಯೂ ಹೇಳುತ್ತೇನೆ, ಆ ಗೋಡೆ ಕೆಲಸ ಮಾಡಿತು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ. ಒಂದು ತರಗತಿಗೆ ಪಾಠ ಹೇಳುವಾಗ ಉಳಿದ ಮೂರು ಗೋಡೆ ನೋಡುತ್ತಿದ್ದವು. ಮರೆತದ್ದನ್ನು ಮೇಷ್ಟರನ್ನು ಕೇಳಿ ಬೈಸಿಕೊಳ್ಳುವ ಬದಲು ತಲೆ ಎತ್ತಿದರೆ ಸಾಕಿತ್ತು. ಚಿಕ್ಕಣ್ಣಯ್ಯನವರೇ ಹದಿನೇಳರ ಮಗ್ಗಿ ಕೇಳುವಾಗ ಒಂದು ಕಣ್ಣು ಕಿಟಕಿಯ ಕಡೆ ಇಡುವುದನ್ನು ನೋಡಿದ್ದೇನೆ. ನೋಡಿದ್ದೇನೆಂದು ನೆನಪು.

ಆಮೇಲೆ ಸುದ್ದಿ ಬಂತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಪಕ್ಕದ ಊರಿಗೆ ಸೇರಿಸುತ್ತಾರೆ, ನಮ್ಮದನ್ನು ನೋಡಿ ತೀರ್ಮಾನಿಸಲು ಇನ್ಸ್‌ಪೆಕ್ಟರು ಬರುತ್ತಾರೆ ಎಂದು. ಸೇರಿಸುವುದೆಂದರೆ ಬೆಳಕವಾಡಿಗೆ. ಗಂಡು ಹುಡುಗರು ಹೇಗೋ ನಡೆದಾರು. ಹೆಣ್ಣುಮಕ್ಕಳು ಮಾರನೆಯ ದಿನದಿಂದ ಎಮ್ಮೆ ಹಿಂದೆ ಹೋಗುವವರೇ.

ಹಾಗೆ ಹೋಗಬೇಕಾಗಿದ್ದವರಲ್ಲಿ ಮೂರನೆಯ ತರಗತಿಯ ನಿಂಗಿ ಒಬ್ಬಳು. ತಾಯಿಯಿಲ್ಲದ ಹುಡುಗಿ, ಅಜ್ಜಿ ಪುಟ್ಟತಾಯಮ್ಮ ಸಾಕುತ್ತಿದ್ದಳು. ಪುಟ್ಟತಾಯಮ್ಮ ಶಾಲೆಯ ಅಂಗಳ ಗುಡಿಸಿ ಸಗಣಿ ಹಾಕುವವಳು. ಮೊಮ್ಮಗಳನ್ನು ಶಾಲೆಗೆ ಬಿಟ್ಟದ್ದಕ್ಕೆ ಊರಿನವರು ಆಡಿದರೆ ಅವಳದು ಒಂದೇ ಉತ್ತರ:

"ಕಣ್ಮುಂದೆ ಅದೆ ಇಸ್ಕೂಲು, ಓದ್ಲಿ ಬುಡ್ರಪ್ಪ. ಓದಿ ನಂಗೇನ್ ಕೋಡ್ ಬರಾಕಿಲ್ಲ. ಸಂತೆಗೋದ್ರೆ ಯಾವನೂ ಮೋಸ ಮಾಡ್ದಂಗಿರ್ತಾಳೆ."

ಇನ್ಸ್‌ಪೆಕ್ಟರ ಸುದ್ದಿ ಕೇಳಿ ನನ್ನ ಹತ್ತಿರ ಬಂದಳು.

"ಬೆಳಕವಾಡಿಗೆ ಕಳ್ಸಾಕ್ ಆಯ್ಕಿಲ್ಲ ಕಣಪ್ಪ. ಕಾಲುವೆ ಏರಿ ಮ್ಯಾಲೆ ಒಂಟಿ ಎಣ್ಣು. ಇಲ್ಲಿ ಮುಚ್ಚುದ್ರೆ ಅವಳ ಓದೂ ಮುಚ್ತು. ಏನಾರ ಮಾಡು."

"ಗೋಡೆ ಇದೆಯಲ್ಲಮ್ಮ. ಇನ್ಸ್‌ಪೆಕ್ಟರು ಗೋಡೆ ನೋಡಿದರೆ ಸಾಕು, ಮುಚ್ಚೋದಿಲ್ಲ," ಎಂದೆ. ಈ ಮಾತನ್ನು ಬೇರೆ ರೀತಿಯಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಆಮೇಲೆ ನಡೆದದ್ದಕ್ಕೆಲ್ಲ ಈ ಮಾತೇ ಮೂಲ.

ಇನ್ಸ್‌ಪೆಕ್ಷನ್ನಿನ ಬೆಳಗ್ಗೆ ನಾನು ಕೋಣೆಗೆ ಕಾಲಿಟ್ಟಾಗ ಕಣ್ಣು ಕೋರೈಸಿತು. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಸಂಸ್ಥಾನ ಇಲ್ಲ, ಕಾವೇರಿ ಇಲ್ಲ, ಮಗ್ಗಿ ಇಲ್ಲ. ಬುಡದಲ್ಲಿ ಹಬ್ಬಕ್ಕೆ ಎಳೆಯುವಂತೆ ಕೆಮ್ಮಣ್ಣಿನ ಪಟ್ಟಿ, ಅದೂ ನೇರವಾಗಿ. ಪುಟ್ಟತಾಯಮ್ಮ ಮೊಣಕೈವರೆಗೂ ಸುಣ್ಣವಾಗಿ, ನಗುತ್ತ ನಿಂತಿದ್ದಳು.

"ಸಾಯೇಬ್ರು ಗೋಡೆ ನೋಡ್ತಾರೆ ಅಂದ್ಯಲ್ಲ ನೀನು. ಐಕ್ಳು ಏನೇನೋ ಗೀಚಾಕ್ಬುಟ್ಟಿದ್ವು, ನೋಡಾಕಾಯ್ತಿರ್ನಿಲ್ಲ. ಎಲ್ಡು ಕೈ ಬಳ್ದಿವ್ನಿ."

ನಮ್ಮ ಕಡೆ ದೊಡ್ಡವರು ಯಾರೇ ಮನೆಗೆ ಬರಲಿ, ಮೊದಲು ಗೋಡೆಗೆ ಸುಣ್ಣ. ಆ ಮುದುಕಿ ತನಗೆ ಗೊತ್ತಿದ್ದ ಅತ್ಯುತ್ತಮ ಮರ್ಯಾದೆಯನ್ನು ಮಾಡಿದ್ದಳು. ಬೈಯಲು ಬಾಯಿ ತೆರೆದೆ. ಅವಳು ಕೈ ಒರೆಸಿಕೊಳ್ಳುತ್ತ, "ಎಂಗೈತೆ?" ಎಂದಳು.

"ಚೆನ್ನಾಗೈತೆ," ಎಂದೆ.

ಚಿಕ್ಕಣ್ಣಯ್ಯನವರು ಬಂದರು. ಗೋಡೆ ನೋಡಿದರು. ಅವರ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮುಂಚೆ ಕಂಡಿರಲಿಲ್ಲ. "ಆಡಿಗಿಂತ ಮುದ್ಕೀನೇ ವಾಸಿ ಬಿ.ಎ.ಯವ್ರೇ. ಒಂದ್ ಚೂರೂ ಮಿಗ್ಸಿಲ್ಲ," ಎಂದರು. ಆಮೇಲೆ ಮಕ್ಕಳ ಕಡೆ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. ಶಾಲೆ ಹೋದರೆ ಅವರ ಕೆಲಸವೂ ಹೋಗುತ್ತಿತ್ತು. ಅದು ಅವರಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು.

ಇನ್ಸ್‌ಪೆಕ್ಟರು ಜಟಕಾದಲ್ಲಿ ಬಂದಿಳಿದರು. ತೆಳ್ಳನೆಯ ಮನುಷ್ಯ, ರುಮಾಲು, ಕರಿಯ ಕ್ಲೋಸ್ ಕೋಟು, ಬಾಯಿ ತುಂಬ ಎಲೆಅಡಿಕೆ. ಅವರು ಪುಸ್ತಕದ ಪ್ರಶ್ನೆಯನ್ನು ಪುಸ್ತಕದಲ್ಲಿರುವ ಹಾಗೆ ಎಂದೂ ಕೇಳುವುದಿಲ್ಲ ಎಂಬ ಹೆಸರು ಅವರಿಗಿತ್ತು. ಬೆಂಚಿನಲ್ಲಿ ಕೂತು ಒಬ್ಬ ಹುಡುಗನನ್ನು ಎಬ್ಬಿಸಿದರು.

"ಹದಿನಾರೆಂಟ್ಲಿ?"

ಹುಡುಗ ಕಿಟಕಿಯ ಕಡೆ ಬಿಳಿ ಗೋಡೆಯನ್ನು ನೋಡಿದ. ಬೆರಳು ಎತ್ತಿ ಗಾಳಿಯಲ್ಲಿ ಸಾಲು ಸಾಲಾಗಿ ಕೆಳಗಿಳಿಸಿದ. ಒಂದು ಕಡೆ ನಿಲ್ಲಿಸಿದ. "ನೂರಿಪ್ಪತ್ತೆಂಟು ಸಾ."

ಇನ್ಸ್‌ಪೆಕ್ಟರು ಗೋಡೆ ನೋಡಿದರು, ಹುಡುಗನನ್ನು ನೋಡಿದರು.

"ಏನೋ ನೋಡ್ತಿದೀಯ ಅಲ್ಲಿ?"

"ಮಗ್ಗಿ ಸಾ."

"ಎಲ್ಲಿದೆ?"

"ಸುಣ್ಣದ್ ಒಳ್ಗೆ ಸಾ."

ಇನ್ನೊಬ್ಬನಿಗೆ ರೇಷ್ಮೆ ಎಲ್ಲಿ ಬೆಳೆಯುತ್ತಾರೆಂದು ಕೇಳಿದರು. ಅವನು ಎದ್ದುಬಂದು ಗೋಡೆಯ ಮೇಲೆ ಒಂದು ಜಾಗ ಮುಟ್ಟಿದ. ಬೆರಳಿಗೆ ಹಸಿ ಸುಣ್ಣ ಹತ್ತಿತು. ಮತ್ತೊಬ್ಬ ಮುಟ್ಟಿದ, ಮಗದೊಬ್ಬ ಮುಟ್ಟಿದ. ಬೆರಳಿನ ಗುರುತುಗಳು ಒಂದರ ಮೇಲೊಂದು ಒಂದೇ ಕಡೆ ಬಿದ್ದವು. ಇಡೀ ಸಂಸ್ಥಾನ ಅಲ್ಲೇ ಇದೆ, ನನಗೊಬ್ಬನಿಗೆ ಕಾಣುತ್ತಿಲ್ಲ ಅನ್ನಿಸಿತು.

ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಇನ್ಸ್‌ಪೆಕ್ಟರು, "ಎಲ್ಲರೂ ಎದ್ದು ಗೋಡೆಗೆ ಬೆನ್ನು ಮಾಡಿ ನಿಲ್ಲಿ," ಎಂದರು.

ನಿಂತರು. ಅವರ ಮುಂದೆ ಈಗ ಏನನ್ನೂ ಬರೆಯದಿದ್ದ ಎದುರು ಗೋಡೆ.

"ಹದಿನಾರೊಂಬತ್ಲಿ?"

ಬೆರಳುಗಳು ಮೇಲೆದ್ದು ಸುಮ್ಮನೆ ತೂಗಿದವು.

"ಮೈಸೂರಿನಲ್ಲಿ ನಿಂತ್ಕೊಂಡ್ರೆ ಕೋಲಾರ ಯಾವ ಕಡೆ?"

ಒಬ್ಬ ಧೈರ್ಯವಾಗಿ ಬಲಗೈ ಚಾಚಿದ. ಮೊದಲು ಬಲಗೈ ಕಡೆ ಕಿಟಕಿ ಇತ್ತು, ಕೋಲಾರ ಇತ್ತು. ಈಗ ತಿರುಗಿ ನಿಂತದ್ದರಿಂದ ಬಲಗೈಗೆ ಬಾಗಿಲು. ಕೋಲಾರದ ಚಿನ್ನವೆಲ್ಲ ಬಾಗಿಲಾಚೆ ಪಟೇಲರ ತಿಪ್ಪೆಗೆ ಹೋಯಿತು.

"ಉತ್ತರ ದಿಕ್ಕು ಎಲ್ಲಿದೆ?"

ಇದಕ್ಕೆ ಮಾತ್ರ ಎಲ್ಲರಿಗೂ ಉತ್ತರ ಗೊತ್ತಿತ್ತು. ಇಡೀ ಶಾಲೆ ಕೈ ಎತ್ತಿ ಮಾಡಿನ ತೊಲೆಯನ್ನು ತೋರಿಸಿತು. ನಕ್ಷೆಯಲ್ಲಿ ಉತ್ತರ ಮೇಲೆ ಎಂದು ನಾನೇ ಹೇಳಿದ್ದೆ. ಮೇಲೆ ಎಂದರೆ ಅವರಿಗೆ ಮೇಲೆ.

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಏನ್ರೀ, ಇವರು ಕಲ್ತಿರೋದು ಸಂಸ್ಥಾನಾನೋ, ಗೋಡೇನೋ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. "ಬೆಳಕವಾಡಿಗೆ ಸೇರ್ಸೋದೇ ವಾಸಿ ಅನ್ಸತ್ತೆ," ಎಂದು ಅರ್ಧ ತಮಗೆ ತಾವೇ ಹೇಳಿಕೊಂಡರು.

ಬಾಗಿಲ ಹೊರಗೆ ಕೂತಿದ್ದ ಪುಟ್ಟತಾಯಮ್ಮ ಎದ್ದು ನಿಂತಳು.

"ಬುದ್ಧೀ, ತಪ್ಪಾಯ್ತದೆ, ಒಂದ್ ಮಾತು. ಬರೀ ಗಂಡೈಕ್ಳನ್ನೇ ಕೇಳುದ್ರಿ. ಒಂದ್ ಎಣ್ಣೈಕ್ಳ ಬಾಯೂ ಬುಡುಸ್ನಿಲ್ಲ. ನಮ್ ನಿಂಗಿನ ಒಂದ್ ಕಿತ ಕೇಳ್ಬುಟ್ಟು ಏನಾರ ಬರ್ಕಳಿ."

"ಸುಮ್ಕಿರಮ್ಮಿ," ಎಂದರು ಚಿಕ್ಕಣ್ಣಯ್ಯ.

"ನೀ ಸುಮ್ಕಿರು ಮೇಷ್ಟ್ರೇ. ನಿಂದೇನ್ ಓಯ್ತದೆ?"

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಯಾರಮ್ಮ ನಿಂಗಿ?"

ನಿಂಗಿ ಗೋಡೆಗೆ ಬೆನ್ನು ಮಾಡಿ ನಿಂತ ಹಾಗೆಯೇ ಒಂದು ಹೆಜ್ಜೆ ಮುಂದೆ ಬಂದಳು.

"ಕಾವೇರಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಮ್ಮ?"

ಪಶ್ಚಿಮದಿಂದ ಪೂರ್ವಕ್ಕೆ ಎನ್ನಬೇಕು. ನಕ್ಷೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದೆ. ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ತಿರುಗಿ ನೋಡಲಿಲ್ಲ. ಗಾಳಿಯಲ್ಲಿ ಬೆರಳೂ ಆಡಿಸಲಿಲ್ಲ. ಮೊದಲು ಬಾಗಿಲ ಕಡೆ ನೋಡಿದಳು, ಆಮೇಲೆ ಕಿಟಕಿಯ ಕಡೆ.

"ಬಾಗ್ಲಿಂದ ಕಿಟ್ಕಿಗೆ ಸಾ."

ಚಿಕ್ಕಣ್ಣಯ್ಯ ನಕ್ಕರು. ನಾನೂ ನಕ್ಕೆ, ಅಳುವುದಕ್ಕಿಂತ ಅದು ಸುಲಭವಾಗಿತ್ತು. ಮಕ್ಕಳು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ.

"ಯಾವ ಬಾಗಿಲು?"

"ಇದೇ ಬಾಗ್ಲು ಸಾ."

"ಇಲ್ಲಿ ಹರಿದ್ರೆ ನಾವೆಲ್ಲಾ ನೆಂದು ಹೋಗ್ತೀವಲ್ಲಮ್ಮ?"

"ಇಲ್ಲಲ್ಲ ಸಾ. ಆಚೆ."

ಅವರು ಎದ್ದು ಬಾಗಿಲಿನಿಂದ ಹೊರಗೆ ಹೋದರು. ಉಗಿದ ಸದ್ದು ಕೇಳಿಸಿತು. ಉಗಿದವರು ಒಳಗೆ ಬರಬೇಕಲ್ಲ, ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದರು. ಒಳಗೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಹಿಂತಿರುಗಿದಾಗ ಕರಿಯ ಕೋಟಿನ ಒಂದು ಭುಜ ಪೂರ್ತಿ ಬೆಳ್ಳಗಾಗಿತ್ತು. ಚೌಕಟ್ಟಿಗೂ ಪುಟ್ಟತಾಯಮ್ಮ ಎರಡು ಕೈ ಬಳಿದಿದ್ದಳು. ಅವಳು "ಅಯ್ಯೋ ಬುದ್ಧೀ" ಎಂದು ಸೆರಗಿನಿಂದ ಒರೆಸಲು ಹೋದಳು. ಸೆರಗೂ ಸುಣ್ಣವೇ, ಇನ್ನೊಂದು ಭುಜವೂ ಬೆಳ್ಳಗಾಯಿತು.

ಅವರು ಕೂತು ಬರೆದರು. ನನ್ನ ನೆನಪಿನಂತೆ ಬರೆದದ್ದು ಇಷ್ಟು: ಶಾಲೆಯನ್ನು ಇಲ್ಲಿಯೇ ಮುಂದುವರಿಸತಕ್ಕದ್ದು. ಗೋಡೆಯ ಮೇಲೆ ಪುನಃ ಬರೆಯತಕ್ಕದ್ದು. ಉತ್ತರ ದಿಕ್ಕು ಮಾಡಿನಲ್ಲಿ ಇಲ್ಲವೆಂದು ಮಕ್ಕಳಿಗೆ ತಿಳಿಸತಕ್ಕದ್ದು. ಮೂರನೆಯದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು, ಅಷ್ಟು ಚೆನ್ನಾಗಿದೆ.

ಶಾಲೆ ಉಳಿಯಿತು. ಯಾಕೆ ಉಳಿಯಿತು ಎಂಬುದಕ್ಕೆ ಕೊಪ್ಪಲಿನಲ್ಲಿ ಮೂರು ಅಭಿಪ್ರಾಯಗಳಿದ್ದವು. ಪುಟ್ಟತಾಯಮ್ಮನ ಪ್ರಕಾರ ಸುಣ್ಣದಿಂದ. ಚಿಕ್ಕಣ್ಣಯ್ಯನವರ ಪ್ರಕಾರ, ಮಧ್ಯಾಹ್ನ ಪಟೇಲರ ಮನೆಯಲ್ಲಿ ಹಾಕಿಸಿದ ಊಟದಿಂದ. ನನ್ನ ಪ್ರಕಾರ, ಹುಡುಗಿಯ ಪೆದ್ದು ಉತ್ತರ ಕೇಳಿ ಹೊರಗೆ ಹೋಗಿ ಮನಸಾರೆ ನಕ್ಕು, ಆ ಖುಷಿಗೆ ಉಳಿಸಿದರು. ನಾನು ಈ ಕಥೆಯನ್ನು ಇಷ್ಟು ವರ್ಷ ಹೀಗೆಯೇ ಹೇಳಿದ್ದೇನೆ. ಎಲ್ಲರೂ ನಗುತ್ತಿದ್ದರು.

ಆಮೇಲೆ ನಾನು ಪದ್ಧತಿ ಬದಲಾಯಿಸಿದೆ. ಗೋಡೆಯ ಮೇಲೆ ಬರೆಯುವುದು, ಮಕ್ಕಳು ಕಲಿಯುವುದು, ಆಮೇಲೆ ಪುಟ್ಟತಾಯಮ್ಮನನ್ನು ಕರೆದು ಸುಣ್ಣ ಬಳಿಸುವುದು. ಮತ್ತೆ ಬರೆಯುವಾಗ ಮಕ್ಕಳೇ ಬರೆಯಬೇಕು, ಬೇರೆ ಜಾಗದಲ್ಲಿ. ಮಗ್ಗಿ ಬಾಗಿಲ ಕಡೆ ಬಂತು, ಚರಿತ್ರೆ ಕಿಟಕಿಗೆ ಹೋಯಿತು. ನಕ್ಷೆಯನ್ನು ಮಾತ್ರ ಅಂಗಳದ ನೆಲದಲ್ಲಿ ಸುಣ್ಣದ ಪುಡಿಯಿಂದ ಬರೆಸಿದೆ. ಸೂರ್ಯ ಹುಟ್ಟುವ ಕಡೆ ಕೋಲಾರ. ಮೂಡ್ಲು, ಪಡುವ್ಲು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಯಾವ ಗದ್ದೆಗೆ ಯಾವ ಕಡೆಯಿಂದ ನೀರು ಬರುತ್ತದೆಂದು ತಿಳಿಯದ ಮಗು ಆ ಊರಿನಲ್ಲಿ ಇರಲಿಲ್ಲ. ಪುಟ್ಟತಾಯಮ್ಮನಿಗೆ ಮಾತ್ರ ಈ ಏರ್ಪಾಡು ಕೊನೆಯವರೆಗೂ ಅರ್ಥವಾಗಲಿಲ್ಲ. "ಅಳ್ಸೋದಾದ್ರೆ ಯಾಕ್ ಬರುಸ್ತೀಯಪ್ಪ, ಬರ್ಸೋದಾದ್ರೆ ಯಾಕ್ ಅಳುಸ್ತೀಯ? ಬಿ.ಎ. ಓದುದ್ರೆ ಇಂಗೇ ಆಯ್ತದಾ?" ಎನ್ನುತ್ತಲೇ ಬಳಿಯುತ್ತಿದ್ದಳು.

ಯುದ್ಧ ಮುಗಿಯುವ ಹೊತ್ತಿಗೆ ನನ್ನನ್ನು ಮಂಡ್ಯಕ್ಕೆ ಹಾಕಿದರು. ಹೊಸ ಮೇಷ್ಟರುಗಳಿಗೆ ಹಾಳೆ ತಯಾರಿಸುವುದನ್ನು ಕಲಿಸುವ ಕೆಲಸ. ಕಾಗದ ಮತ್ತೆ ಸಿಗತೊಡಗಿತ್ತು. ಅದೇ ತೊಂದರೆಯಾಯಿತು. ಒಬ್ಬ ಉತ್ಸಾಹಿ ಮೇಷ್ಟರು ನಾಲ್ಕು ಗೋಡೆಗೂ ಕಿಟಕಿಗೂ ಹಾಳೆ ಅಂಟಿಸಿ, ಕತ್ತಲಾಯಿತೆಂದು ಹಗಲಿನಲ್ಲೇ ಲಾಂದ್ರ ಹಚ್ಚಿಕೊಂಡು ಪಾಠ ಮಾಡುತ್ತಿದ್ದರು. ನಾನು ಹೋಗಿ ಕಿಟಕಿಯ ಮೇಲಿದ್ದ ಹಾಳೆ ಕಿತ್ತೆ.

"ಸಾರ್, ಅದು ಬೆಳಕಿನ ಪಾಠ!" ಎಂದು ಅವರು ಕೂಗಿಕೊಂಡರು.

"ಈಗ ಬಂತಲ್ಲ," ಎಂದೆ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಹಾಳೆ ಹಾಕುವುದು ಸುಲಭ. ಯಾವ ದಿನ ತೆಗೆಯಬೇಕು ಅನ್ನುವುದನ್ನು ಹಾಕುವ ದಿನವೇ ಯೋಚಿಸಿ. ತೆಗೆದ ಮೇಲೆ ಮಕ್ಕಳನ್ನು ಒಮ್ಮೆ ತಿರುಗಿಸಿ ನಿಲ್ಲಿಸಿ ಕೇಳಿ. ಆಗ ಏನು ಉಳಿಯುತ್ತದೋ ಅದು ಅವರದು, ಉಳಿದದ್ದು ಗೋಡೆಯದು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇದನ್ನು ಬರೆಯಲು ಕೂತಾಗ ಒಂದು ಅನುಮಾನ ಶುರುವಾಯಿತು. ಕೊಪ್ಪಲಿನ ಪಕ್ಕದಲ್ಲೇ ಹೊಳೆ ಇದೆ. ನಿಂಗಿ ಹೇಳಿದ್ದು ಗೋಡೆಯ ಮೇಲಿನ ಕಾವೇರಿಯೋ, ಹೊರಗಿನ ಕಾವೇರಿಯೋ? "ಆಚೆ" ಎಂದಳಲ್ಲ. ಆ ಬಾಗಿಲು ಯಾವ ದಿಕ್ಕಿಗಿತ್ತು? ನಮ್ಮ ಕಡೆ ಬಾಗಿಲು ಇಡುವುದು ಮೂಡಣಕ್ಕೆ. ಹಾಗಿದ್ದರೆ ಅವಳ ಉತ್ತರ ಹೊರಗಿನ ಹೊಳೆಗೆ ತಿರುಗುಮುರುಗು, ನನ್ನ ಕಥೆ ಕ್ಷೇಮ. ಬಾಗಿಲು ಪಡುವಣಕ್ಕಿದ್ದರೆ ಎಷ್ಟೋ ವರ್ಷಗಳಿಂದ ನಾನು ಸರಿಯುತ್ತರಕ್ಕೆ ಜನರನ್ನು ನಗಿಸುತ್ತಿದ್ದೇನೆ.

ಒಂದು ದಿಕ್ಸೂಚಿ ಕೊಂಡು ಬಸ್ಸು ಹತ್ತಿದೆ.

ಭತ್ತದ ಮನೆ ಈಗಲೂ ಇದೆ. ಒಳಗೆ ಗೊಬ್ಬರದ ಮೂಟೆಗಳು. ಹೊರಗೆ ಜಗಲಿಯ ಮೇಲೆ ಕನ್ನಡಕ ಹಾಕಿಕೊಂಡು ಪೇಪರು ಓದುತ್ತ ಒಬ್ಬ ಹೆಂಗಸು ಕೂತಿದ್ದಳು. ತಲೆ ಎತ್ತಿ ನೋಡಿದಳು.

"ಬಿ.ಎ. ಮೇಷ್ಟ್ರಲ್ವಾ? ಇಷ್ಟ್ ಮುದುಕ್ರಾಗ್ಬುಟ್ರಾ?"

ನಿಂಗಿ. ನಾಲ್ಕನೆಯ ತರಗತಿ ಅಲ್ಲೇ ಮುಗಿಸಿದಳಂತೆ. ಪುಟ್ಟತಾಯಮ್ಮ ಸಾಯುವವರೆಗೂ ಸಂತೆಯಲ್ಲಿ ತಕ್ಕಡಿಯವರ ಜತೆ ಜಗಳ ಆಡಲು ಮೊಮ್ಮಗಳನ್ನೇ ಕರೆದುಕೊಂಡು ಹೋಗುತ್ತಿದ್ದಳಂತೆ. ನಾನು ಇನ್ಸ್‌ಪೆಕ್ಷನ್ನಿನ ದಿನ ನೆನಪಿಸಿದೆ. ಕಾವೇರಿಯ ಪ್ರಶ್ನೆ ಹೇಳಿದೆ. ಗೋಡೆ ನೆನೆಸಿಕೊಂಡು ಹೇಳಿದೆಯೋ, ಹೊಳೆ ನೆನೆಸಿಕೊಂಡೋ ಎಂದು ಕೇಳಿದೆ.

"ಯಾವ್ ಪ್ರಸ್ನೆ? ನಂಗ್ ಗ್ಯಾಪ್ಕನೇ ಇಲ್ಲ ಕಣ್ರಿ ಮೇಷ್ಟ್ರೇ. ಕೋಟ್‌ಗೆ ಸುಣ್ಣ ಆಗಿದ್ದು ಒಂದ್ ಗ್ಯಾಪ್ಕ ಅದೆ."

ಜೇಬಿನಿಂದ ದಿಕ್ಸೂಚಿ ತೆಗೆದೆ.

"ಅದೇನದು, ಗಡಿಯಾರವಾ?"

"ದಿಕ್ಕು ನೋಡೋದು."

"ದಿಕ್ ನೋಡಾಕ್ ಮಿಸನ್ನು ಬೇಕಾ?" ಎಂದು ನಗುತ್ತ ಪೇಪರಿಗೆ ಮರಳಿದಳು.

ಮೂಟೆಗಳ ನಡುವೆ ಕೋಣೆಯ ಮಧ್ಯಕ್ಕೆ ಹೋಗಿ ನಿಂತೆ. ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು. ನಂಬಿಕೆ ಬಾರದೆ ತಟ್ಟಿ ಮತ್ತೊಮ್ಮೆ ನೋಡಿದೆ. ಆಮೇಲೆ ಹೊರಗೆ ಬಂದು, ಇನ್ಸ್‌ಪೆಕ್ಟರು ನಿಂತಿದ್ದ ಕಡೆ, ಚೌಕಟ್ಟಿಗೆ ಒರಗಿ ನಿಂತೆ. ಅಲ್ಲಿ ನಿಂತರೆ ತೋಟದ ಆಚೆ ಹೊಳೆ ಕಾಣುತ್ತದೆ. ಅವರು ಹೊರಗೆ ಬಂದದ್ದು ನಗುವುದಕ್ಕೋ, ಉಗಿಯುವುದಕ್ಕೋ, ನೋಡುವುದಕ್ಕೋ ನಾನು ಹೇಳಲಾರೆ. ಹೇಳಬಲ್ಲದ್ದು ಒಂದೇ, ಅದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಭತ್ತ ಕಾಯಲು ಅನುಕೂಲವಾಗಲಿ ಎಂದು ಪಟೇಲರ ಮನೆಯ ಕಡೆಗೆ ಇಟ್ಟ ಆ ಬಾಗಿಲು ಪಡುವಣಕ್ಕಿದೆ, ಕಿಟಕಿ ಮೂಡಣಕ್ಕಿದೆ, ನಾನು ಬರೆದ ಗೋಡೆ ಉತ್ತರದ್ದು, ಕಾವೇರಿ ಅಲ್ಲಿ ಬಾಗಿಲಿಂದ ಕಿಟಕಿಗೇ ಹರಿಯುತ್ತದೆ.